ಓವಾಳ ತೋಳಿಗೆ ಕೊಯ್ದ ಬಂದೂಕು

ಲಾಯಲ್ ಸೈಜ್‌ಮೋರ್ ತಮ್ಮ ಅಪ್ಪನ ಬಂದೂಕಿನ, ಹೆಗಲಿಗೆ ಆನಿಸುವ ಮರದ ಹಿಡಿಗೆ ಗರಗಸ ಇಟ್ಟ ದಿನ ನಾನು ಅವರ ಜಗಲಿಯಲ್ಲೇ ಇದ್ದೆ. ನಾಲ್ಕು ಸಲ ಎಳೆಯುವಷ್ಟರಲ್ಲಿ ಅವರಿಗೆ ಉಸಿರು ಕಟ್ಟಿತು. ಉಳಿದದ್ದನ್ನು ನಾನು ಕೊಯ್ದೆ.

ಕೆಂಟಕಿಯ ಬೆಟ್ಟಗಳ ಸಂದಿಯಲ್ಲಿ ನಮ್ಮದು ಇಕ್ಕಟ್ಟಾದ ಕೊಳ್ಳ. ತೊರೆಯ ಆಚೆ ಅವರ ಮನೆ, ಈಚೆ ನನ್ನದು. ಅವರನ್ನು ಚಿಕ್ಕಪ್ಪ ಎಂದೂ ಅವರ ಹೆಂಡತಿ ಓವಾಳನ್ನು ಚಿಕ್ಕಮ್ಮ ಎಂದೂ ಕರೆದೇ ನಾನು ಬೆಳೆದವನು. ಪ್ರಾಯವೆಲ್ಲ ಕಲ್ಲಿದ್ದಲ ಗಣಿಯಲ್ಲಿ ಕಳೆದಿದ್ದರಿಂದ ಚಿಕ್ಕಪ್ಪನ ಎದೆಗೂಡಿನಲ್ಲಿ ಕರಿ ಧೂಳು ಗಟ್ಟಿಯಾಗಿ ಕೂತಿತ್ತು. ಜಗಲಿಯಿಂದ ಕೋಳಿಗೂಡಿಗೆ ಹೋಗಬೇಕಾದರೂ ನಡುವೆ ಬೇಲಿ ಹಿಡಿದು ನಿಲ್ಲುತ್ತಿದ್ದರು. ಗೂಡಿಗೆ ಹೆಗ್ಗಣ, ಹುರುಳಿಕಾಯಿ ಪಾತಿಗೆ ನೆಲಅಳಿಲು, ಮರಿಗಳ ಮೇಲೆ ಗಿಡುಗ. ಇದನ್ನೆಲ್ಲ ಅಟ್ಟಲು ಮನೆಯಲ್ಲಿ ಇದ್ದದ್ದು ಅದೊಂದೇ ಬಂದೂಕು. ಒಂದರ ಮೇಲೊಂದು ಎರಡು ನಳಿಗೆ: ಮೇಲಿನದರಲ್ಲಿ ಸಣ್ಣ ಗುಂಡು, ಕೆಳಗಿನದರಲ್ಲಿ ಚರೆ ತುಂಬಿದ ತೋಟಾ. ತೋಟಾ ಸಿಡಿಸುವ ಕುದುರೆಯ ಪಕ್ಕದ ಗುಂಡಿಯನ್ನು ಮೇಲೆ ತಳ್ಳಿದರೆ ಗುಂಡು, ಕೆಳಗೆ ತಳ್ಳಿದರೆ ಚರೆ.

ಗರಗಸದ ಸದ್ದಿಗೆ ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಅಯ್ಯೋ, ಏನ್ ಮಾಡ್ತಿದೀಯ? ನಿಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ ನೋಡು."

"ಬರ್ಲಿ. ಗುಂಡು ಹೊಡೆಯೋದು ಅವನಲ್ವಲ್ಲ."

"ನೀನು ತಾನೆ ಹೊಡೆಯೋದು? ನಿನ್ನ ಉದ್ದ ತೋಳಿಗೆ ಈ ಮೋಟು ಹಿಡಿ ಹೇಗೆ..." ಎಂದವಳು ಅರ್ಧಕ್ಕೇ ನಿಂತಳು. ಕೊಯ್ದ ಹಿಡಿಯನ್ನು ನೋಡಿದಳು, ತನ್ನ ತೋಳನ್ನು ನೋಡಿಕೊಂಡಳು. ಒಳಗೆ ಹೋದಳು. ಜೋಳದ ರೊಟ್ಟಿಯ ಬಾಣಲೆ ಒಲೆಯ ಮೇಲೆ ಕುಕ್ಕಿದ ಸದ್ದು ಜಗಲಿಗೆ ಕೇಳಿಸಿತು.

"ಬಯ್ದಿದ್ರೆ ಚೆನ್ನಾಗಿತ್ತು," ಎಂದರು ಚಿಕ್ಕಪ್ಪ.

ಮರುದಿನ ಗುರಿ ಕೂಡಿಸಲು ಕೂತೆವು. ಅಡಿಗೆಮನೆಯ ಕುರ್ಚಿಯಲ್ಲಿ ಚಿಕ್ಕಪ್ಪ, ಮುಂದೆ ಮೇಜಿನ ಮೇಲೆ ಜೋಳದ ಮೂಟೆ, ಮೂಟೆಯ ಮೇಲೆ ಬಂದೂಕು. ಕೊಟ್ಟಿಗೆಯ ಹಿಂದಿನ ಮಣ್ಣಿನ ದಿಬ್ಬದಲ್ಲಿ ಹಲಗೆ ನಿಲ್ಲಿಸಿ ಗುರಿಯ ಕಾಗದಕ್ಕೆ ಮೊಳೆ ಹೊಡೆಯುವುದು ನನ್ನ ಕೆಲಸ. ಅವರು ಗುಂಡು ಹಾರಿಸಿ ಬಂದೂಕನ್ನು ನಡುವೆ ಮಡಚಿಟ್ಟ ಮೇಲೆ ನಾನು ಹೋಗಿ ತೂತು ನೋಡಿ ಬರುವುದು, ನಳಿಗೆಯ ಮೇಲಿನ ಗುರಿತಗಡನ್ನು ಅವರು ಕೂದಲೆಳೆಯಷ್ಟು ಸರಿಸುವುದು. ಗುಂಡು ಬೇಗ ದಾರಿಗೆ ಬಂತು. ಚರೆ ಬರಲಿಲ್ಲ. ಒಂದೇ ಗುರಿಗೆ ಹೊಡೆದರೂ ಅದು ಗುಂಡಿಗಿಂತ ಒಂದು ಗೇಣು ಕೆಳಗೆ ಚೆಲ್ಲುತ್ತಿತ್ತು.

"ಎರಡನ್ನೂ ಒಟ್ಟಿಗೆ ಸರಿ ಮಾಡೋಕಾಗಲ್ಲ ಮಾರಾಯ," ಎಂದರು. "ಗುಂಡನ್ನ ನಂಬೋದು. ಚರೆಗೆ ಸ್ವಲ್ಪ ಮೇಲೆ ಹಿಡಿಯೋದು. ಅವಳಿಗೆ ಹಾಗೇ ಹೇಳಿಕೊಡ್ತೀನಿ."

ಆ ವಸಂತವೆಲ್ಲ ತೊರೆಯ ಆಚೆಯಿಂದ ನನಗೆ ಎರಡೇ ಸದ್ದು: ಬಂದೂಕಿನದು, ಗಂಡಹೆಂಡಿರ ಜಗಳದ್ದು.

"ಕಣ್ಣು ಮುಚ್ಚಿ ಹೊಡೀತಿದೀಯಲ್ಲೇ!"

"ನಿನ್ನ ಮುಖ ನೋಡ್ಕೊಂಡು ಹೊಡೆಯೋದಕ್ಕಿಂತ ವಾಸಿ!"

ಕೊನೆಗೊಂದು ದಿನ ಅವಳು ಜೋಳದ ಕಣಜದ ಬಳಿ ಹೆಗ್ಗಣವೊಂದನ್ನು ಉರುಳಿಸಿದಳು. ಚಿಕ್ಕಪ್ಪ ನಕ್ಕರು, ನಗುತ್ತಲೇ ಕೆಮ್ಮಿದರು. ಬಾಯಿಗೆ ಹಿಡಿದ ಬಟ್ಟೆಯ ಮೇಲೆ ಇದ್ದಿಲಿನಂಥ ಕಫ ಬಿದ್ದಿತು. ಚಿಕ್ಕಮ್ಮ ಅದನ್ನು ಕಸಿದು ತೊಳೆಯಲು ಹೋದಳು.

ಜೂನ್‌ನ ಒಂದು ಮಧ್ಯಾಹ್ನ ಬೇಲಿಯಲ್ಲಿ ತಂತಿ ಬಿಗಿಯುತ್ತಿದ್ದವನಿಗೆ ಚಿಕ್ಕಪ್ಪನ ಕೂಗು ಕೇಳಿಸಿತು. ಬಿಸಿಲಿಗೆಂದು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹಾಡುಹಗಲಲ್ಲಿ ನರಿಯೊಂದು ಕುಡಿದವರಂತೆ ವಾಲಾಡುತ್ತ, ಬಾಯಲ್ಲಿ ನೊರೆ ಇಳಿಸುತ್ತ ಅಂಗಳಕ್ಕೆ ಬಂದಿತ್ತು. ಓಡುವ ಕಾಲು ಅವರಿಗಿರಲಿಲ್ಲ. ಊರುಗೋಲು ಬೀಸಿದರು. ನರಿ ಮಣಿಕಟ್ಟನ್ನು ಕಚ್ಚಿಬಿಟ್ಟಿತು.

ನಾನು ತೊರೆಗೆ ಇಳಿಯುವಷ್ಟರಲ್ಲಿ ಚಿಕ್ಕಮ್ಮ ಬಂದೂಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ದಿನ ಗಿಡುಗಕ್ಕೆ ಹೊಡೆದಿದ್ದಳಾದ್ದರಿಂದ ಗುಂಡಿ ಚರೆಯ ಕಡೆಗೇ ಇತ್ತು. ಕೋಲಿನೇಟಿಗೆ ನರಿ ಕೈ ಬಿಟ್ಟು ಎರಡು ಮಾರು ಹಿಂದೆ ಸರಿದಿತ್ತು. ಅಲ್ಲಿಗೆ ಚರೆ ಹೊಡೆದರೆ ಗಂಡನ ಕಾಲಿಗೂ ಚೆಲ್ಲುತ್ತಿತ್ತು.

"ಗುಂಡು, ಓವಾ! ಚರೆ ಬೇಡ!" ಎಂದು ಕೂಗಿದರು ಚಿಕ್ಕಪ್ಪ. ಮತ್ತೆ ಉಸಿರು ಎಳೆದುಕೊಂಡು, "ತಲೆಗೆ ಹೊಡೀಬೇಡ. ಪರೀಕ್ಷೆಗೆ ತಲೆ ಬೇಕು."

ಅವಳ ಹೆಬ್ಬೆರಳು ಗುಂಡಿಯನ್ನು ಮೇಲೆ ತಳ್ಳಿತು. ಒಂದೇ ಈಡು. ನರಿ ಎದೆಗೆ ಪೆಟ್ಟು ತಿಂದು ಮಗ್ಗುಲಾಯಿತು.

ಅವಳು ಬಂದೂಕನ್ನು ಗೋಡೆಗೆ ಒರಗಿಸಿ, ಸಾಬೂನು ತಂದು, ಗಂಡನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿದಳು. ಉಜ್ಜುತ್ತಲೇ ಇದ್ದಳು. "ಸಾಕು, ಚರ್ಮ ಕಿತ್ತುಬರತ್ತೆ," ಎಂದರೂ ಬಿಡಲಿಲ್ಲ. ನಾನು ಕೈಗವಸು ಹಾಕಿಕೊಂಡು ನರಿಯ ತಲೆಯನ್ನು ಕೊಯ್ದು ಹಂದಿಕೊಬ್ಬಿನ ಖಾಲಿ ಡಬ್ಬಿಯಲ್ಲಿ ಮುಚ್ಚಿ, ಅವರಿಬ್ಬರನ್ನೂ ಟ್ರಕ್ಕಿನಲ್ಲಿ ಕೂರಿಸಿಕೊಂಡು ಪೇಟೆಗೆ ಹೋದೆ. ನರಿಗೆ ಹುಚ್ಚು ಹಿಡಿದಿದ್ದದ್ದು ನಿಜವೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಚುಚ್ಚುಮದ್ದು ಶುರುವಾಗಿತ್ತು. ಆ ರೋಗ ಅವರನ್ನು ಮುಟ್ಟಲಿಲ್ಲ.

ಮುಟ್ಟಿದ್ದು ಹಳೆಯ ರೋಗವೇ. ಚಳಿ ಶುರುವಾಗುತ್ತಿದ್ದಂತೆ ಮಲಗಿ ಉಸಿರಾಡಲು ಆಗದೆ ಕೂತೇ ನಿದ್ದೆ ಮಾಡತೊಡಗಿದರು. ನೋಡಲು ಬಂದವರಿಗೆಲ್ಲ ನರಿಯ ಕತೆಯನ್ನೇ ಹೇಳುತ್ತಿದ್ದರು. "ಎದೆಗೇ ಹೊಡೆದ್ಲು, ನೋಡಿ. ಕೈ ಅಳ್ಳಾಡ್ಲಿಲ್ಲ." ನವೆಂಬರಿನಲ್ಲಿ ಒಂದು ಬೆಳಗ್ಗೆ ಕುರ್ಚಿಯಲ್ಲೇ ಹೋದರು.

ಶವಸಂಸ್ಕಾರವಾಗಿ ವಾರ ಕಳೆಯುವ ಮೊದಲೇ ಚಿಕ್ಕಮ್ಮ ಕೋಳಿಗಳನ್ನೆಲ್ಲ ಹಂಚಿಬಿಟ್ಟಳು.

"ಅವುಗಳನ್ನ ಕಾಯೋಕೆ ಅಂತ ತಾನೇ ಚಿಕ್ಕಪ್ಪ ಅಷ್ಟೆಲ್ಲ ಕಷ್ಟಪಟ್ಟಿದ್ದು?" ಎಂದೆ.

"ಮೊಟ್ಟೆ ಅವನಿಗೆ ಬೇಕಿತ್ತು. ನನಗೆ ಬೇಡ."

ಮುಂದಿನ ಬೇಸಿಗೆ, ಒಂದು ಸಂಜೆ, ಅವಳ ಮನೆಯ ಕಡೆಯಿಂದ ಒಂದು ಈಡು ಕೇಳಿಸಿತು. ಮತ್ತೆ ಸದ್ದಿಲ್ಲ. ನಾನು ಬೂಟು ಸಮೇತ ತೊರೆಗೆ ಇಳಿದು ಓಡಿದೆ. ಅವಳು ಜಗಲಿಯಲ್ಲಿ ನಿಂತು ಬಂದೂಕನ್ನು ನಡುವೆ ಮಡಚಿ ಖಾಲಿ ತೋಟಾ ತೆಗೆಯುತ್ತಿದ್ದಳು. ಹುರುಳಿಕಾಯಿ ಪಾತಿಯಲ್ಲಿ ನೆಲಅಳಿಲು ಸತ್ತು ಬಿದ್ದಿತ್ತು.

ನನ್ನ ಒದ್ದೆ ಬೂಟು, ನನ್ನ ಮುಖ ಎರಡನ್ನೂ ನೋಡಿದಳು.

"ನೀನು ಏನು ಅಂದ್ಕೊಂಡೆ ಅಂತ ನನಗೆ ಗೊತ್ತು," ಎಂದಳು. "ಚಳಿಗಾಲದಲ್ಲಿ ನಾನೂ ಅಂದ್ಕೊಂಡಿದ್ದೆ. ಕೂತ್ಕೋ. ಕಾಫಿ ಇದೆ."