ವ್ಯಾನಿನಲ್ಲಿ ಇಬ್ಬರೇ

ಗಾಡಿಯಲ್ಲೇ ಅಡುಗೆ ಮಾಡಿ, ಗಾಡಿಯಲ್ಲೇ ಮಲಗಿ ಊರೂರು ಸುತ್ತುವುದು ಬಹಳ ಸುಖ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಹಾಗೆ ಹೇಳುವವರು ಮೊಬೈಲಿನಲ್ಲಿ ವಿಡಿಯೋ ನೋಡಿದವರು, ಇಲ್ಲವೇ ವಿಡಿಯೋ ಮಾಡಿ ಹಾಕುವವರು. ಹಿಂಬಾಗಿಲು ತೆರೆದರೆ ಕಣಿವೆ, ಕೈಯಲ್ಲಿ ಹಬೆಯಾಡುವ ಲೋಟ, ಪಕ್ಕದಲ್ಲಿ ನಗುವ ಹೆಂಡತಿ. ಇವನ್ನೆಲ್ಲ ನಾನೂ ನೋಡಿದ್ದೆ. ಅಂಗಡಿಯಲ್ಲಿ ಯಾರದೋ ಮಿಕ್ಸರ್ ಬಿಚ್ಚಿಟ್ಟುಕೊಂಡು, ಊಟದ ಹೊತ್ತಿಗೆ ಮನೆಗೆ ಹೋಗದೆ ನೋಡಿದ್ದೆ. ಆ ಹೊತ್ತಿಗೆ ನನ್ನ ಹೆಂಡತಿ ನನ್ನನ್ನು ಬಿಟ್ಟು ಹೋಗುವ ತಯಾರಿಯಲ್ಲಿದ್ದಳು.

ಶಿರಸಿಯಲ್ಲಿ ನನ್ನದು ಮೋಟಾರು, ಮಿಕ್ಸರ್, ಪಂಪ್‌ಸೆಟ್ ರಿಪೇರಿ ಅಂಗಡಿ. ಅವಳು ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ನಾನು ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ನನಗಿರುವ ರೋಗ ಒಂದೇ, ದಾಕ್ಷಿಣ್ಯ. ಯಾರಾದರೂ ಬಾ ಎಂದರೆ ಹೋಗುತ್ತೇನೆ, ಕೂರು ಎಂದರೆ ಕೂರುತ್ತೇನೆ, ಇದೊಂದು ಸ್ವಲ್ಪ ನೋಡಿಕೊಡು ಎಂದರೆ ನೋಡಿಕೊಡುತ್ತೇನೆ. ಅವಳ ತಂದೆಯನ್ನು ಆಸ್ಪತ್ರೆಗೆ ಸೇರಿಸಿದ ದಿನ ನಾನು ಹೊರಟವನು ದಾರಿಯಲ್ಲಿ ಸಿಕ್ಕ ಪರಿಚಯದವರೊಬ್ಬರ ಮಾತು ತೆಗೆಯಲಾರದೆ ಅವರ ಬಾವಿಯ ಪಂಪು ಸರಿಮಾಡಿಕೊಟ್ಟು ಹೋದೆ. ನಾನು ತಲುಪುವಷ್ಟರಲ್ಲಿ ಮಾವ ತೀರಿಕೊಂಡಿದ್ದರು.

ಅದರ ಬಗ್ಗೆ ಅವಳು ಆಗ ಏನೂ ಹೇಳಲಿಲ್ಲ. ಎರಡು ವರ್ಷ ಬಿಟ್ಟು ಯಲ್ಲಾಪುರದ ಕಡೆಯ ಶಾಲೆಗೆ ವರ್ಗ ಕೇಳಿಕೊಂಡಳು, ಅದು ಸಿಕ್ಕಿತು. ದಸರಾ ರಜೆ ಮುಗಿದ ಮೇಲೆ ಅಲ್ಲೇ ರೂಮು ಮಾಡಿಕೊಂಡು ಇರುತ್ತೇನೆ ಎಂದಳು. ಶನಿವಾರ ಬರುತ್ತೀಯಲ್ಲ ಎಂದು ಕೇಳಿದೆ. ಇಲ್ಲ ಎಂದಳು.

ನಾನು ಅತ್ತೆ, ಅಂಗಲಾಚಿದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಅವಳ ಶಾಲೆಯ ಗೇಟಿನ ಹತ್ತಿರ ಹೋಗಿ ನಿಂತುಕೊಂಡೆ. ಕೊನೆಗೆ ಒಂದು ದಿನ ಸಂಜೆ ಅವಳು ಪಾತ್ರೆ ಒರೆಸುತ್ತ ಹೇಳಿದಳು:

“ಆರು ದಿನ ಯಾರ ಕೈಗೂ ಸಿಗದೇ ಎನ್ನ ಸಂತಿಗೆ ಇರಿ. ಫೋನು ಬ್ಯಾಡ, ಯಾರ ಮನೆ ಮೆಟ್ಲೂ ಹತ್ತೂದು ಬ್ಯಾಡ. ಅಷ್ಟು ಮಾಡಿರೆ ಆನು ಶಿರಸಿಂದಲೇ ದಿನಾ ಬಸ್ಸಿಗೆ ಓಡಾಡ್ತೆ.”

ಆರು ದಿನ ಅವಳೊಬ್ಬಳ ಜೊತೆಗಿರಬೇಕು, ಅವಳು ಕೇಳಿದ್ದು ಅಷ್ಟೇ. ಲಾಡ್ಜಿಗೆ ಹೋದರೆ ಅಲ್ಲಿಯೂ ಗುರುತಿನವರು ಸಿಗುತ್ತಾರೆ, ನೆಂಟರ ಮನೆಯ ಮಾತೇ ಇಲ್ಲ. ಆಗ ನನಗೆ ಆ ವಿಡಿಯೋಗಳು ನೆನಪಾದವು. ಬೇಕರಿಯವರೊಬ್ಬರು ಬ್ರೆಡ್ಡು ಸಾಗಿಸಿ ಬಿಟ್ಟ ಹಳೆಯ ವ್ಯಾನು ತಂದೆ. ಹಿಂದೆ ಪ್ಲೈವುಡ್ಡಿನ ಮಂಚ, ಅದರ ಕೆಳಗೆ ನೀರಿನ ಕ್ಯಾನು, ಒಂದು ಸಣ್ಣ ಸಿಲಿಂಡರು, ಬ್ಯಾಟರಿಗೆ ಕಟ್ಟಿದ ಫ್ಯಾನು. ಕೆಲಸ ನಾನೇ ಮಾಡಿದ್ದು, ಚೆನ್ನಾಗಿಯೇ ಆಗಿತ್ತು. ದೂರ ಹೋಗುವಂತಿರಲಿಲ್ಲ. ಘಟ್ಟ ಇಳಿದರೆ ಆ ವ್ಯಾನು ಮತ್ತೆ ಹತ್ತುವ ಭರವಸೆ ನನಗಿರಲಿಲ್ಲ. ಸಿದ್ದಾಪುರದ ಕಡೆ ಮೂರು ದಿನ, ತಿರುಗಿ ಬಂದು ಸ್ವರ್ಣವಲ್ಲಿಯ ಕಡೆಗೆ, ಅಲ್ಲಿಂದ ಯಲ್ಲಾಪುರದ ದಾರಿ ಎಂದು ಗೊತ್ತುಮಾಡಿಕೊಂಡೆವು.

ಮೊದಲ ದಿನವೇ ತಿಳಿದದ್ದು, ನಮ್ಮ ಸೀಮೆಯಲ್ಲಿ ಸಮ ನೆಲ ಎಂಬುದು ಇಲ್ಲ. ಇದ್ದರೆ ಅಲ್ಲಿ ಗದ್ದೆ ಇರುತ್ತದೆ, ಇಲ್ಲವೇ ಮನೆ ಇರುತ್ತದೆ. ಉಳಿದದ್ದೆಲ್ಲ ಇಳಿಜಾರು. ಚಕ್ರದ ಕೆಳಗೆ ಕಲ್ಲು ಕೊಟ್ಟು, ಮುಂದೆ ತಂದು, ಹಿಂದೆ ತಂದು, ಒಂದು ಗಂಟೆ ಒದ್ದಾಡಿದ ಮೇಲೂ ಮಲಗಿದರೆ ಇಬ್ಬರೂ ಜಾರಿ ಕಾಲ ಬುಡಕ್ಕೆ ಬರುತ್ತಿದ್ದೆವು. ಬೆಳಗ್ಗೆ ಗಾಜಿನ ಒಳಗಡೆ ನೀರು ಇಳಿಯುತ್ತಿತ್ತು. ಅದು ನಮ್ಮದೇ ಉಸಿರು. ಟವೆಲು ಆರು ದಿನವೂ ಒಣಗಲಿಲ್ಲ. ಮಧ್ಯಾಹ್ನದ ಮೇಲೆ ಮಳೆ ಬಂದೇ ಬರುತ್ತಿತ್ತು, ಬಾಗಿಲು ಹಾಕಿದರೆ ಸೆಕೆ, ತೆಗೆದರೆ ಸೊಳ್ಳೆ. ಬ್ರೆಡ್ಡಿನ ಹಳೆಯ ವಾಸನೆ, ಒದ್ದೆ ಹಾಸಿಗೆಯ ವಾಸನೆ, ಸೀಮೆಎಣ್ಣೆಯಂಥ ಇನ್ನೊಂದು ವಾಸನೆ. ಮೂರನೆಯದು ಎಲ್ಲಿಂದ ಬರುತ್ತಿತ್ತೋ ರಿಪೇರಿಯವನಾದ ನನಗೂ ಸಿಕ್ಕಲಿಲ್ಲ.

ಇನ್ನು ಪಾಯಖಾನೆಯ ವಿಷಯ. ವಿಡಿಯೋದವರು ಯಾರೂ ಇದನ್ನು ತೋರಿಸುವುದಿಲ್ಲ. ನಾನಾದರೆ ಹಾರೆ ಹಿಡಿದುಕೊಂಡು ಮರೆಗೆ ಹೋಗಿಬಿಡುತ್ತಿದ್ದೆ. ಅವಳು ಬೆಳಕು ಹರಿಯುವ ಮೊದಲೇ ಎದ್ದು, ನನ್ನನ್ನು ಕಾವಲಿಗೆ ನಿಲ್ಲಿಸಿ, ಲಂಗ ಎತ್ತಿ ಹಿಡಿದುಕೊಂಡು ಹೋಗಿ ಬರಬೇಕಿತ್ತು. ಬಂದ ಮೇಲೆ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಗಳನ್ನು ಉಪ್ಪು ಹಾಕಿ ಕೀಳುವುದು. ಎರಡನೆಯ ದಿನ ಒಂದು ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ ಇತ್ತು, ಬೀಗವೂ ಇತ್ತು. ಕೀ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ. ಅವಳು ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಂತಳು. ನಾನು ಆ ಹೊತ್ತಿನಲ್ಲಿ ಬಂಕಿನವನ ಗಾಳಿ ತುಂಬುವ ಯಂತ್ರ ಯಾಕೆ ಶಬ್ದ ಮಾಡುತ್ತದೆ ಎಂದು ಬಗ್ಗಿ ನೋಡುತ್ತಿದ್ದೆ. ತಿರುಗಿ ನೋಡಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಸ್ಕ್ರೂಡ್ರೈವರು ಕೆಳಗಿಟ್ಟೆ.

ಎಲ್ಲಕ್ಕಿಂತ ಕಷ್ಟದ್ದು, ಸಿಟ್ಟು ಬಂದರೆ ಹೋಗಲು ಜಾಗವಿಲ್ಲ. ಮನೆಯಲ್ಲಾದರೆ ಒಬ್ಬರು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯಬಹುದು. ಇಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು, ಹೊರಗೆ ಮಳೆ ಸುರಿಯುವಾಗ, ಅರೆಬೆಂದ ಅನ್ನ ತಿನ್ನುತ್ತ ಕೂತಿರಬೇಕು. ಗಾಳಿಗೆ ಒಲೆ ನಾಲ್ಕು ಸಲ ಆರಿದರೆ ಅದಕ್ಕೂ ನಾನೇ ಕಾರಣ ಎನಿಸುತ್ತದೆ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಜನರೂ ಬಿಡುವುದಿಲ್ಲ. ಬೈಕು ನಿಲ್ಲಿಸದೆ ಮುಂದೆ ಹೋದವರು ಒಬ್ಬರೂ ಇಲ್ಲ. “ಎಂತಾ ಆಯ್ತು ಮಾರಾಯ್ರೆ, ಪಂಚರಾ?” ಏನೂ ಆಗಿಲ್ಲ, ಸುಮ್ಮನೆ ನಿಲ್ಲಿಸಿದ್ದೇವೆ ಎಂದರೆ ನಂಬುವುದಿಲ್ಲ. ಮೂವತ್ತು ಕಿಲೋಮೀಟರಿನಲ್ಲಿ ಮನೆ ಇರುವ ಗಂಡಹೆಂಡತಿ ರಸ್ತೆಯಂಚಿನಲ್ಲಿ ಅನ್ನ ಬೇಯಿಸುತ್ತಾರೆ ಎಂದರೆ ಯಾರು ನಂಬುತ್ತಾರೆ? ಒಬ್ಬರಂತೂ ಮನೆಯಲ್ಲಿ ಜಗಳವೇ ಎಂದು ನೇರವಾಗಿ ಕೇಳಿದರು. ಅವಳು ಹೌದು ಎಂದಳು.

ನಾಲ್ಕನೆಯ ದಿನ ಶಿರಸಿ ಹಾದುಹೋಗುವಾಗ ಅಂಗಡಿಯ ಗಿರಾಕಿಯೊಬ್ಬರು ಗಾಡಿಗೆ ಅಡ್ಡ ಕೈ ಹಿಡಿದರು. ಗ್ರೈಂಡರು ನಿಂತುಹೋಗಿದೆ, ನಾಳೆ ಮನೆಯಲ್ಲಿ ಪೂಜೆ, ಹತ್ತು ನಿಮಿಷದ ಕೆಲಸ ಎಂದರು. ಹೇಗೆ ಬಂತೋ ಗೊತ್ತಿಲ್ಲ, “ಈಗ ಆಗ್ತಿಲ್ಲೆ” ಎಂದುಬಿಟ್ಟೆ. ಗೇರು ಹಾಕಿ ಮುಂದೆ ಹೋದೆ. ಅವಳು ಜೋರಾಗಿ ನಕ್ಕಳು. ಎಷ್ಟು ವರ್ಷವಾಗಿತ್ತೋ ಆ ನಗೆ ಕೇಳಿ.

ಆ ದಿನ ಮಧ್ಯಾಹ್ನ ಸ್ವರ್ಣವಲ್ಲಿಯ ದಾರಿಯಲ್ಲಿ ಒಂದು ಹಳ್ಳದ ಹತ್ತಿರ ಗಾಡಿ ನಿಲ್ಲಿಸಿ ಬಟ್ಟೆ ಒಗೆದೆವು. ಅವಳು ಕಲ್ಲಿನ ಮೇಲೆ ಕೂತು, ನಾನು ಕೇಳದೆಯೇ, ತಂದೆಯ ಕೊನೆಯ ದಿನದ ಮಾತು ತೆಗೆದಳು.

“ಅಳಿಯ ಬಂದ್ರಾ ಹೇಳಿ ಮೂರು ಸಲ ಕೇಳಿದ್ರು. ಬತ್ತಾ ಇದ್ರು ಹೇಳಿ ಆನು ಮೂರು ಸಲ ಸುಳ್ಳು ಹೇಳಿದ್ದು.”

ಕ್ಷಮಿಸು ಎಂದೆ. ಅವಳು ಅಂಗಿಯ ಒಂದು ತುದಿ ನನ್ನ ಕೈಗೆ ಕೊಟ್ಟಳು, ಇಬ್ಬರೂ ಸೇರಿ ಹಿಂಡಿದೆವು. ಅವಳು ಉಳಿಯುತ್ತಾಳೆ ಎಂದು ಅವತ್ತು ನಾನು ಗಟ್ಟಿಯಾಗಿ ನಂಬಿದೆ.

ಐದನೆಯ ದಿನ ಸಂಜೆ ಯಲ್ಲಾಪುರದ ರಸ್ತೆಯಿಂದ ಸ್ವಲ್ಪ ಒಳಗೆ, ಮರಗಳ ನಡುವೆ ಒಂದು ತೆರವು ಸಿಕ್ಕಿತು. ಕಾಡು ಎಂದುಕೊಂಡು ಗಾಡಿ ನಿಲ್ಲಿಸಿದೆ. ಅದು ಕಾಡಲ್ಲ, ಬೆಟ್ಟ. ನಮ್ಮ ಕಡೆ ಬೆಟ್ಟ ಎಂದರೆ ತೋಟಕ್ಕೆ ಸೊಪ್ಪು ಕಡಿಯುವ ಜಾಗ. ನೋಡುವುದಕ್ಕೆ ಕಾಡಿನ ಹಾಗೇ ಇರುತ್ತದೆ, ಆದರೆ ಇಂಥ ಮನೆಯದು ಎಂದು ಇರುತ್ತದೆ, ಆ ಮನೆಯವರು ಬೆಳಗಾದರೆ ಅಲ್ಲಿಗೆ ಬರುತ್ತಾರೆ. ಹೊರಗಿನವರಿಗೆ ಇದು ತಿಳಿಯದಿದ್ದರೆ ಸರಿ. ಇಲ್ಲಿಯೇ ಹುಟ್ಟಿ ಬೆಳೆದ ನಾನು, ಮರಗಳ ಟೊಂಗೆ ಸವರಿದ್ದನ್ನು ನೋಡಿಯೂ, ಗೊತ್ತಾಗದೆ ಹಾಸಿಗೆ ಬಿಚ್ಚಿದೆ.

ಆರನೆಯ ದಿನ ಬೆಳಗ್ಗೆ, ಅಂದರೆ ಕೊನೆಯ ದಿನ, ಅವಳು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಆವತ್ತು ಒಲೆ ಆರಿರಲಿಲ್ಲ, ಮಳೆಯೂ ಇರಲಿಲ್ಲ. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ, ಎಪ್ಪತ್ತರ ಹತ್ತಿರದ ಒಬ್ಬರು ಮರಗಳ ನಡುವಿನಿಂದ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು.

“ಎಂತ ತಮಾ, ಗಾಡಿ ಹಾಳಾತಾ?”

“ಇಲ್ಲೆ, ಸುಮ್ನೆ ಬಂದದ್ದು.”

“ಸುಮ್ನೆ ಬಂದು ಬೆಟ್ಟದಲ್ಲಿ ಮಲಗೂದಾ?” ಎಂದರು. ಸಿಟ್ಟಿರಲಿಲ್ಲ, ಮನೆಗೆ ಕರೆಯದಿದ್ದರೆ ತಮಗೇ ಅವಮಾನ ಎಂಬ ಬೇಜಾರಿತ್ತು. “ಹೆಂಗಸ್ರನ್ನ ಗಾಡಿಲಿ ಮಲಗಿಸ್ಕ್ಯಂಡು. ಇಷ್ಟು ಹತ್ರ ಮನೆ ಇಟ್ಕಂಡು ಎಂಗ ಕರ್ದಿದ್ವಿಲ್ಲೆ ಹೇಳಿ ಆದ್ರೆ ಎಂಗಕ್ಕೆ ಮರ್ಯಾದೆ ಇದ್ದಾ? ಬನ್ನಿ, ಆಸ್ರಿಗೆ ಕುಡ್ಕಂಡು ಹೋಗಲಕ್ಕು.”

ಆಸ್ರಿಗೆ ಎಂದರೆ ಬಂದವರ ಬಾಯಾರಿಕೆಗೆ ಕೊಡುವ ಏನಾದರೊಂದು, ಚಹಾವೋ ಕಷಾಯವೋ. ನಮ್ಮವರಲ್ಲಿ ಅದನ್ನು ಬೇಡ ಎನ್ನುವುದು ಮನೆಯನ್ನೇ ಬೇಡ ಎಂದ ಹಾಗೆ. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಸೌಟು ಹಿಡಿದುಕೊಂಡೇ, ಮೆಲ್ಲಗೆ, “ಅವು ಕೇಳಿದ್ದು ನಿಂಗ್ಳನ್ನ. ನಿಂಗನೇ ಹೇಳಿ,” ಎಂದಳು.

ಬೇಡ ಎನ್ನಬೇಕೆಂದೇ ನಾನು ಬಾಯಿ ತೆರೆದದ್ದು. ಆ ಹಿರಿಯರು ಕತ್ತಿ ಬಿಚ್ಚಿ ಕೈಯಲ್ಲಿ ಹಿಡಿದು, ದಾರಿ ತೋರಿಸಲು ಆಗಲೇ ತಿರುಗಿ ನಿಂತಿದ್ದರು. ಅವರ ಬೆನ್ನು ನೋಡಿದೆ. “ಐದೇ ನಿಮಿಷ,” ಎಂದೆ.

ಅವಳು ಒಲೆ ಆರಿಸಿದಳು. ಅವಲಕ್ಕಿಗೆ ತಟ್ಟೆ ಮುಚ್ಚಿದಳು. ಐದು ನಿಮಿಷ ತಾನೆ, ಅವಳೂ ಒಪ್ಪಿದ್ದಾಳೆ ಎಂದು ನಾನು ಸಮಾಧಾನ ಮಾಡಿಕೊಂಡೆ. ನನ್ನಂಥ ದಡ್ಡ ಮೂರು ತಾಲೂಕಿನಲ್ಲಿ ಇನ್ನೊಬ್ಬನಿರಲಾರ.

ಅವರ ಮನೆಯ ಜಗಲಿಯಲ್ಲಿ ಕೂತೆವು, ಕಷಾಯ ಬಂತು, ಅದರ ಹಿಂದೆ ದೋಸೆ ಬಂತು. ದೋಸೆ ತಿನ್ನುವಾಗ ಏನು ಕೆಲಸ ಎಂದು ಕೇಳಿದರು, ಹೇಳಿದೆ. ಹಳ್ಳದಿಂದ ನೀರೆತ್ತುವ ಅವರ ಪಂಪು ಕೆಟ್ಟು ಒಂದು ವಾರವಾಗಿತ್ತಂತೆ. ಮಾಡಿಕೊಡು ಎಂದು ಅವರು ಹೇಳಲೂ ಇಲ್ಲ. ನಾನೇ ನೋಡುತ್ತೇನೆ ಎಂದು ಎದ್ದೆ. ಬೇರಿಂಗು ಹಿಡಿದುಕೊಂಡಿತ್ತು. ಬಿಚ್ಚಿ, ತೊಳೆದು, ಗ್ರೀಸು ಹಾಕಿ ಕೂಡಿಸುವಾಗ ಊಟಕ್ಕೆ ಕರೆದರು, ಉಂಡು ಮತ್ತೆ ಹೋದೆ. ಪಂಪು ನೀರು ಎತ್ತಿದಾಗ ಮೂರು ಗಂಟೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ನೀರು ಬಂದದ್ದು ನೋಡಿ ನನಗೆ ಖುಷಿಯಾಯಿತು.

ಕೈಯೆಲ್ಲ ಗ್ರೀಸು ಮಾಡಿಕೊಂಡು ಮೇಲೆ ಬಂದರೆ ಅವಳು ಜಗಲಿಯಲ್ಲಿ ಕೂತಿದ್ದಳು. ಬಟ್ಟೆಯ ಚೀಲ ಪಕ್ಕದಲ್ಲಿತ್ತು. ವ್ಯಾನಿನಿಂದ ಯಾವಾಗ ಹೋಗಿ ತಂದಳೋ. ಹೊರಡುವ ಅವಸರ ಎಂದುಕೊಂಡು, “ಆತು, ಹೋಪನ,” ಎಂದೆ. ಅವಳು ಎದ್ದಳು.

ಮನೆಯ ಯಜಮಾನಿ ಒಳಗಿನಿಂದ ತಟ್ಟೆ ತಂದರು. ಹೊರಡುವ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಕೊಡುವ ಕುಂಕುಮ, ಒಂದು ತೆಂಗಿನಕಾಯಿ, ಹಸಿರು ರವಿಕೆ ಕಣ. ನನ್ನ ಅಮ್ಮ ಕೊಟ್ಟದ್ದನ್ನು ಎಷ್ಟು ಸಲ ನೋಡಿದ್ದೇನೆ. ಬೇಡ ಎಂದವರನ್ನು ಒಬ್ಬರನ್ನೂ ನೋಡಿಲ್ಲ.

“ತಗ ತಂಗಿ,” ಎಂದರು ಆಕೆ.

“ಬ್ಯಾಡ ಅಕ್ಕ,” ಎಂದಳು ನನ್ನ ಹೆಂಡತಿ. ದನಿ ಮೆತ್ತಗಿತ್ತು, ನಡುಗಲಿಲ್ಲ. “ಬೇಜಾರು ಮಾಡ್ಕಳಡಿ. ಆನು ಇವರ ಮನೆಗೆ ವಾಪಸ್ ಹೋಗ್ತ್ನಿಲ್ಲೆ. ಯಲ್ಲಾಪುರದ ಬಸ್ಸು ಎಷ್ಟೊತ್ತಿಗೆ ಇದ್ದು?”

ಆ ಹಿರಿಯರು ನನ್ನನ್ನೂ ಅವಳನ್ನೂ ನೋಡಿ, ನಾಲ್ಕಕ್ಕೆ ಒಂದು ಇದೆ, ಬಾ ರಸ್ತೆಯವರೆಗೆ ಬಿಡುತ್ತೇನೆ ಎಂದರು. ಅವಳು ಚಪ್ಪಲಿ ಹಾಕಿಕೊಂಡಳು, ಚೀಲ ಎತ್ತಿಕೊಂಡಳು, ಅವರ ಹಿಂದೆ ಅಂಗಳ ದಾಟಿದಳು. ಓಡಿಹೋಗಿ ತಡೆಯಬೇಕಿತ್ತು. ಯಜಮಾನಿ ದಾರಿಗೆ ಅಡ್ಡವಾಗಿ, ಇನ್ನೂ ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ಅವರ ಮುಖ ಕೆಂಪಾಗಿತ್ತು. ಏನು ಮಾಡಬೇಕೆಂದು ತಿಳಿಯದೆ ಅವರು ಆ ತಟ್ಟೆಯನ್ನು ನನ್ನ ಕಡೆ ಚಾಚಿದರು.

“ಒಳಗಿಂದ ತಂದದ್ದು, ವಾಪಸ್ ಒಯ್ಯಲಾಗ. ನೀವಾದ್ರೂ ತಗಳಿ,” ಎಂದರು.

ನಾನು ಕೈಯ ಗ್ರೀಸನ್ನು ಪಂಚೆಗೆ ಒರೆಸಿಕೊಂಡು, ಎರಡೂ ಕೈ ಒಡ್ಡಿ ತೆಗೆದುಕೊಂಡೆ.