ಹುಲ್ಗಳ್ಳರ ಮುನಿಕೃಷ್ಣ

ಬೂದಿಗೆರೆ ಪಕ್ಕದ ಹಳ್ಳಿಯ ಶಾಲೆಯಲ್ಲಿ ಮೂವರು ಮುನಿಕೃಷ್ಣರಿದ್ದರು. ಗೊಂದಲ ಬೇಡವೆಂದು ಮೇಷ್ಟ್ರು ಒಬ್ಬನಿಗೆ ಮನೆತನದ ಹೆಸರನ್ನೂ ಸೇರಿಸಿ ‘ಮುನಿಕೃಷ್ಣ ಹುಲ್ಗಳ್ಳ’ ಎಂದು ಬರೆದುಬಿಟ್ಟರು. ಸುತ್ತಮುತ್ತ ಆ ಹೆಸರಿನ ಇನ್ನೊಂದು ಮನೆ ಇರಲಿಲ್ಲ. ಊರಿನವರಿಗೆ ಅದು ರೂಢಿಯಾಗಿಹೋಗಿತ್ತು. ಆದರೆ ಹತ್ತಿರದಲ್ಲೇ ವಿಮಾನ ನಿಲ್ದಾಣ ಶುರುವಾದ ವರ್ಷ ಅಲ್ಲಿ ಲಗೇಜು ಹೊರುವ ಕೆಲಸ ಸಿಕ್ಕಿ, ಪಾಸು ಕೊಡುವ ಮುಂಚೆ ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆಂದು ತಿಳಿದಾಗ ಮುನಿಕೃಷ್ಣನಿಗೆ ಹೆಸರಿನದೇ ಚಿಂತೆ ಹತ್ತಿತು. ಹೆಸರಲ್ಲೇ ಕಳ್ಳ ಇರುವವನ ಕೈಗೆ ಜನರ ಪೆಟ್ಟಿಗೆ ಯಾರು ಕೊಡುತ್ತಾರೆ?

ಅಜ್ಜಿ ಪಿಳ್ಳಮ್ಮನಿಗೆ ಮೊದಲೇ ಹೇಳಿಟ್ಟ. “ಕೇಳಿದ್ರೆ ಹುಲ್ಲು ಮಾರೋರು ಅನ್ನು. ಬೇರೇನೂ ಮಾತಾಡ್ಬೇಡ.”

“ಮಾರಿದ್ದು ಯಾವಾಗ್ಲಾ?” ಎಂದಳು ಅಜ್ಜಿ.

ಪೇದೆ ಗೋಪಾಲಪ್ಪ ಬಂದು ಜಗಲಿಯಲ್ಲಿ ಕುಳಿತು, ಕೈಯಲ್ಲಿದ್ದ ಕಾಗದ ನೋಡಿ ಹುಬ್ಬೇರಿಸಿದ. “ಏನಪ್ಪಾ ಇದು ಹೆಸರು?”

ಮುನಿಕೃಷ್ಣ ತಟಕ್ಕನೆ ಹೇಳಿದ, “ಹಿಂದೆ ಹುಲ್ಲು ಮಾರ್ತಿದ್ರು ಸಾರ್...”

“ಸುಳ್ಳು. ಕದ್ದಿದ್ರು,” ಎನ್ನುತ್ತ ಅಜ್ಜಿ ಹೊಸಿಲು ದಾಟಿ ಬಂದಳು. ಮುನಿಕೃಷ್ಣ ಕಣ್ಸನ್ನೆ ಮಾಡಿದರೂ ನಿಲ್ಲಲಿಲ್ಲ. “ನಮ್ಮ ಮಾವನ ತಾತ. ಆಗಿನ ತಾಲ್ಲೂಕಿನ ಸಾಹೇಬ್ರು, ಅಮಲ್ದಾರ್ರು, ಊರಾಚೆ ಡೇರೆ ಹಾಕಿ, ಕುದುರೆಗಳಿಗೆ ಅಂತ ಎಲ್ಲಾರ ಹುಲ್ಲಿನ ಮೆದೇನೂ ಕೀಳಿಸಿದ್ರಂತೆ. ಹಸುಗಳು ಗೋಡೆ ನೆಕ್ತಾ ನಿಂತಿದ್ವಂತೆ. ಈವಯ್ಯ ಹೊರೆ ಹೊರೇನೇ ವಾಪಸ್ ಹೊತ್ಕೊಂಡ್ಬಂದು ಒಬ್ಬೊಬ್ಬರ ಕೊಟ್ಟಿಗೆಗೆ ಹಾಕ್ದ. ಸಿಕ್ಕಾಕೊಂಡ. ಅರ್ಧ ತಲೆ ಬೋಳಿಸಿ ಬೀದಿ ಸುತ್ತಿಸಿದ್ರು.”

“ಊರೋರು ಬಿಡಿಸ್ಕೊಳ್ಲಿಲ್ವಾ?” ಎಂದ ಗೋಪಾಲಪ್ಪ.

“ಆ ಹುಲ್ಲು ಯಾರ ಹಸು ತಿಂತೋ ಅವರೇ ಬಾಯಿ ಬಿಡ್ಲಿಲ್ಲ, ಹೆದರಿಕೆ. ಹುಲ್ಗಳ್ಳ ಅಂತ ಆಡ್ಕೊಂಡೋರೂ ಅವರೇ. ‘ಹಂಗೇ ಕರೀರಿ, ನಿಮಗೂ ಜ್ಞಾಪಕ ಇರ್ಲಿ’ ಅಂದ್ನಂತೆ.”

ಗೋಪಾಲಪ್ಪ ಏನೋ ಗೀಚಿಕೊಂಡು, “ನೋಡೋಣ” ಎಂದಷ್ಟೇ ಹೇಳಿ ಎದ್ದುಹೋದ. ಮುನಿಕೃಷ್ಣ ಆ ದಿನ ಅಜ್ಜಿಯ ಜೊತೆ ಮಾತಾಡಲಿಲ್ಲ, ಉಣ್ಣಲೂ ಇಲ್ಲ. ಮುಂದಿನ ವಾರಗಳಲ್ಲಿ ರಸ್ತೆಯಲ್ಲಿ ಬೈಕಿನ ಸದ್ದಾದರೆ ಸಾಕು, ಕೆಲಸ ಹೋಯಿತು ಎಂದೇ ಹೊರಗೆ ಓಡುತ್ತಿದ್ದ. ಆ ಹಿರಿಯನ ಅರ್ಧ ಬೋಳಿಸಿದ ತಲೆ, ಸುಮ್ಮನೆ ನಿಂತು ನೋಡಿದ ಜನ, ಇವೂ ಕಣ್ಣಿಗೆ ಕಟ್ಟತೊಡಗಿದವು.

ಕಡೆಗೂ ಪಾಸು ಬಂತು, ಪೂರ್ತಿ ಹೆಸರಿನ ಸಮೇತ. ಮೊದಲ ದಿನ ಅದನ್ನು ಅಂಗಿಯೊಳಗೆ ತೂರಿಸಿಕೊಂಡೇ ಹೋದ. ದೊಡ್ಡ ಪೆಟ್ಟಿಗೆಯೊಂದನ್ನು ಎತ್ತಲು ಬಗ್ಗಿದಾಗ ಈಚೆ ಜಾರಿತು. ಜೊತೆಯ ಕೆಲಸಗಾರ ಓದಿ ನಕ್ಕ. “ಇದೇನ್ ಗುರು, ಕಳ್ಳ ಅಂತಿದೆ?”

ಮುನಿಕೃಷ್ಣ ಪಾಸನ್ನು ಮತ್ತೆ ಒಳಗೆ ತೂರಿಸಹೋಗಿ ಕೈ ತಡೆದ. ಹುಲ್ಲು ಮಾರೋರು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು.

“ಹೌದು, ಕದ್ದಿದ್ರು,” ಎಂದ. “ಊಟಕ್ಕೆ ಕೂತಾಗ ಹೇಳ್ತೀನಿ. ಈಗ ಆ ಕಡೆ ಹಿಡ್ಕೊ.”