ಮೂರೆಲೆಯ ಕಡಲೆಕಾಯಿ ಗಿಡ

ಮದುವೆಯ ರವಿಕೆಗೆ ಆರಿ ಕಸೂತಿ ಹಾಕುವವರು ಈಗ ಶಿರಾದಲ್ಲಿ ಬೀದಿಗೊಬ್ಬರಿದ್ದಾರೆ. ಹೆಚ್ಚಿನವರು ಮೊಬೈಲಿನಲ್ಲಿ ಕಂಡ ನವಿಲನ್ನೋ ಆನೆಯನ್ನೋ ಎತ್ತಿಕೊಂಡು ಹಾಕಿಕೊಡುತ್ತಾರೆ. ಕೇಳುವವರಿಗೂ ಅದೇ ಸಾಕು. ತಾನು ಆ ಪೈಕಿಯವಳಲ್ಲ ಎಂಬುದೇ ಫಕ್ರುನ್ನೀಸಾಳ ಹೆಸರಿಗೆ ಆಧಾರ. ಅದಕ್ಕಾಗಿಯೇ ಮಧುಗಿರಿ, ಕೊರಟಗೆರೆ ಕಡೆಯ ಹೆಣ್ಣಿನ ಮನೆಯವರು ಬಸ್ಸಿಳಿದು ಆಕೆಯ ಮನೆ ಕೇಳಿಕೊಂಡು ಬರುತ್ತಿದ್ದರು.

ಆಕೆಯ ಕೆಲಸದ ರೀತಿಯನ್ನು ನೆರೆಮನೆಯವಳಾದ ನಾನು ಎಷ್ಟೋ ಸಲ ಕಂಡಿದ್ದೇನೆ. ಮದುವೆಯ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಊರು, ಮನೆ, ತಿನ್ನುವುದು, ಉಣ್ಣುವುದು ಎಲ್ಲವನ್ನೂ ವಿಚಾರಿಸುವಳು. ಆಮೇಲೆ ತೆಳು ಹಾಳೆಯ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುವಳು. ಇದಕ್ಕೆ ಖಾಕಾ ಎನ್ನುತ್ತಾರೆ. ಅದನ್ನು ರೇಷ್ಮೆಯ ಮೇಲಿಟ್ಟು ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿ ಸವರಿದರೆ ತೂತುಗಳ ಮೂಲಕ ಚಿತ್ರ ಬಟ್ಟೆಗೆ ಇಳಿಯುತ್ತದೆ. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಕೊಕ್ಕೆ ಸೂಜಿ ಹಿಡಿದು ಕೂರುವಳು. ರವಿಕೆ ಮುಗಿದ ದಿನ ಹುಡುಗಿಯ ಕಣ್ಣೆದುರೇ ಆ ಖಾಕಾವನ್ನು ಹರಿದು, ಚೂರುಗಳನ್ನು ಅವಳ ಅಂಗೈಗೆ ಹಾಕುವಳು.

"ತಗೋಮ್ಮ. ಇನ್ನು ಈ ಹೂವು ಬೇರೆ ಯಾರ ಬೆನ್ನಿಗೂ ಬರಲ್ಲ."

ಹುಡುಗಿಯರಿಗೆ ಇದು ತುಂಬ ಹಿಡಿಸುತ್ತಿತ್ತು. ಆಕೆಯ ಗಂಡ ನಿಯಾಜ್ ಅಹಮದ್ ಪೇಟೆಯಲ್ಲಿ ಗುಂಡಿ, ದಾರ, ಚಮಕಿ ಮಾರುವವರು. "ಎಲ್ಲಾರೂ ಮಾಡಿದ್ದನ್ನ ಎತ್ತಿಡ್ತಾರೆ, ನಮ್ಮನೆಯವರು ಹರಿದು ಕೈಗೆ ಕೊಡ್ತಾರೆ" ಎಂದು ಅಂಗಡಿಯಲ್ಲಿ ಕೂತು ನಗುತ್ತಿದ್ದರು. ನಗೆಯಲ್ಲಿ ಹೆಮ್ಮೆಯೂ ಇತ್ತು. ಹಾಗೆ ಹರಿದುಹಾಕುವವಳಿಗೆ ತಾನು ಹಿಂದೆ ಏನು ಬರೆದಿದ್ದೆ, ಅದು ಎಲ್ಲಿಂದ ಬಂತು ಎಂದು ತಿರುಗಿ ನೋಡಲು ಏನೂ ಉಳಿಯುವುದಿಲ್ಲ ಎಂಬ ಮಾತು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಕಳೆದ ವರ್ಷ ಆಕೆ ಶಿರಾದ ಒಬ್ಬ ಹುಡುಗಿಯ ಬೆನ್ನಿಗೆ ಕಡಲೆಕಾಯಿ ಗಿಡ ಹಾಕಿದಳು. ನೆಲದಿಂದ ಆಗತಾನೆ ಕಿತ್ತು ಎತ್ತಿ ಹಿಡಿದಂತಿದ್ದ ಗಿಡ. ಮೇಲೆ ಹಸಿರು, ಕೆಳಗೆ ಬೇರಿನ ಎಳೆಗಳಲ್ಲಿ ಜೋತುಬಿದ್ದ ಕಾಯಿಗಳು. ನವಿಲು ನೋಡಿ ನೋಡಿ ದಣಿದಿದ್ದ ಕಣ್ಣುಗಳಿಗೆ ಅದು ಹೊಸದು. ಊರೆಲ್ಲ ಅದನ್ನೇ ಮಾತಾಡಿತು.

ಕೆಲವು ತಿಂಗಳ ನಂತರ ಶಾದಿ ಮಹಲಿನಲ್ಲಿ ಇನ್ನೊಂದು ಮದುವೆ. ಮದುಮಗಳ ತಂಗಿಯ ಬೆನ್ನ ಮೇಲೂ ಕಿತ್ತ ಕಡಲೆಕಾಯಿ ಗಿಡ. ಅದನ್ನು ಹಾಕಿದವಳು ಶಾಜಿಯಾ. ಕೆಲವು ವರ್ಷಗಳ ಹಿಂದೆ ಫಕ್ರುನ್ನೀಸಾಳ ಮನೆಯಲ್ಲೇ ಕೂತು ಕೆಲಸ ಕಲಿತವಳು. ಗಂಡನಿಲ್ಲದ ತಾಯಿಯನ್ನು ನೋಡಿಕೊಂಡು, ಆಗಷ್ಟೇ ಸ್ವಂತ ಚೌಕಟ್ಟು ಇಟ್ಟುಕೊಂಡಿದ್ದಳು. ಹೆಂಗಸರ ಕಡೆಯ ಊಟದ ಸಾಲಿನಲ್ಲಿ, ಊಟಕ್ಕೆ ಕೂತಿದ್ದ ಶಾಜಿಯಾಳ ಎದುರು ಫಕ್ರುನ್ನೀಸಾ ಎದ್ದು ನಿಂತಳು. ಅವರಿಬ್ಬರ ಮಾತು ಉರ್ದುವಿನಲ್ಲಿ. ಅದನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ; ಆಪಾ ಎಂದರೆ ಅಕ್ಕ.

"ಸೂಜಿ ಹಿಡಿಯೋದು ಕಲಿಸಿದೆ ಶಾಜಿಯಾ, ಕದಿಯೋದು ಕಲಿಸಿರಲಿಲ್ಲ."

"ಇದು ನಂದೇ ಆಪಾ. ನಿಮ್ಮ ಹತ್ರ ಕಲಿಯುವಾಗಲೇ ಹಾಕಿದ್ದೆ."

"ಹಾಕಿದ್ದರೆ ತೋರಿಸು."

ಶಾಜಿಯಾಳ ಬಳಿ ತೋರಿಸಲು ಏನೂ ಇರಲಿಲ್ಲ. "ಆಪಾದು ಕಡಲೆಕಾಯಿ, ನಿಂದು ಬರೀ ಸಿಪ್ಪೆ ಬಿಡು" ಎಂದು ಯಾರೋ ಅಂದರು. ಸಾಲೆಲ್ಲ ನಕ್ಕಿತು. ಶಾಜಿಯಾ ಕೈ ತೊಳೆದು ಹೊರಟುಹೋದಳು. ನಾನೂ ಆ ಊಟಕ್ಕೆ ಹೋಗಿದ್ದೆ. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂಬುದರಲ್ಲಿ ಅಲ್ಲಿ ಯಾರಿಗೂ ಅನುಮಾನವಿದ್ದಂತೆ ಕಾಣಲಿಲ್ಲ. ಆಮೇಲೆ ಅವಳಿಗೆ ಮದುವೆಯ ರವಿಕೆಗಳು ಬರುವುದು ನಿಂತಿತು. ಸೀರೆಗೆ ಫಾಲ್ ಹೊಲಿಯುವ ಕೆಲಸಕ್ಕೆ ಇಳಿದಳು.

ಈ ವರ್ಷ ಮಧುಗಿರಿ ಹತ್ತಿರದ ಹಳ್ಳಿಯಿಂದ ರಕ್ಷಾ ಎಂಬ ಹುಡುಗಿ ಬಂದಳು. ಹೊಲದ ಮನೆಯವರು. ಅವಳಿಗೂ ಕಡಲೆಕಾಯಿ ಗಿಡವೇ ಬೇಕು.

"ಅದೇ ಗಿಡ ಕೊಡಲ್ಲಮ್ಮ, ಅದನ್ನ ಹರಿದಾಯ್ತು. ನಿನಗೆ ಅಂತ ಬೇರೆ ಬರೀತೀನಿ" ಎಂದು ಫಕ್ರುನ್ನೀಸಾ ಮಾತು ಕೊಟ್ಟಳು. ಬರೆದಳು, ಚುಚ್ಚಿದಳು, ಅರ್ಧ ಹೊಲಿದೂ ಆಯಿತು. ಅಷ್ಟರಲ್ಲಿ ರಕ್ಷಾ ತನ್ನ ಅಜ್ಜಿ ಕೆಂಚಮ್ಮನನ್ನು ಕರೆದುಕೊಂಡು ನೋಡಲು ಬಂದಳು. ಕೆಂಚಮ್ಮ ಚೌಕಟ್ಟಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ರೇಷ್ಮೆಗೆ ಬೆರಳು ತಾಗಿಸದೆ ಗಿಡವನ್ನು ಮೇಲಿಂದ ಕೆಳಗೆ ನೋಡಿದಳು.

"ಕಾಯೇನೋ ಪಸಂದಾಗವೆ ಫಕ್ರಮ್ಮ. ಇದ್ಯಾಕೆ ಈ ಒಂದು ತೊಟ್ಟಿಗೆ ಮಾತ್ರ ಮೂರೆಲೆ ಹಾಕ್ಬುಟ್ಟಿದೀಯಾ? ಮಿಕ್ಕಿದ್ದಕ್ಕೆಲ್ಲಾ ನಾಕೈತೆ."

"ಅಲ್ಲಿ ಹಂಗೇ ಬರಬೇಕಮ್ಮ."

"ಹಂಗೇ ಬರಬೇಕು ಅಂದ್ರೆ? ಕುರಿ ಗಿರಿ ತಿಂದೈತಾ?"

"ಅಜ್ಜಿ, ಸುಮ್ನಿರು. ಅದು ಡಿಸೈನು" ಎಂದಳು ರಕ್ಷಾ.

"ಡಿಸೈನಾದ್ರೇನು ಲೇ, ಗಿಡ ಗಿಡವೇ ಅಲ್ವಾ."

ಯಾಕೆ ಅಲ್ಲಿ ಮೂರೇ ಬರಬೇಕು ಎಂದು ಫಕ್ರುನ್ನೀಸಾ ಯೋಚಿಸಿದಳು. ಕೈ ಆ ತೊಟ್ಟಿಗೆ ಬಂದಾಗ ಮೂರಕ್ಕೆ ನಿಂತಿತ್ತು, ಅಷ್ಟೇ. ಮಾತು ಮುಗಿಸಲೆಂದು, ಧೂಳು ಕೂರದಿರಲಿ ಎಂದು ದಿನವೂ ಹೊದಿಸುವ ಹಳೆಯ ಬಟ್ಟೆಯನ್ನು ಚೌಕಟ್ಟಿನ ಮೇಲೆ ಎಳೆದಳು. ಕೆಂಚಮ್ಮ ಎದ್ದವಳು ಮತ್ತೆ ಬಗ್ಗಿದಳು.

"ಇಲ್ನೋಡು, ಇದ್ರಾಗೂ ಮೂರೇ."

ಹೊದಿಕೆಯ ಒಂದು ಮೂಲೆಯಲ್ಲಿ, ಒಗೆದು ಒಗೆದು ಬಣ್ಣ ಹೋದ ದಾರದಲ್ಲಿ, ಕಿತ್ತ ಕಡಲೆಕಾಯಿ ಗಿಡವಿತ್ತು. ಬೇರು, ಜೋತುಬಿದ್ದ ಕಾಯಿ, ಎಲ್ಲವೂ ಇತ್ತು. ಕಲಿಯುವವರ ಒರಟು ಹೊಲಿಗೆ. ಅಂಚಿನ ತೊಟ್ಟಿನಲ್ಲಿ ಮೂರು ಎಲೆಯಾದ ಮೇಲೆ ಬಟ್ಟೆಯೇ ಮುಗಿದಿತ್ತು. ನಾಲ್ಕನೆಯದಕ್ಕೆ ಜಾಗವಿರಲಿಲ್ಲ.

ಕಲಿಯಲು ಬಂದ ಹುಡುಗಿಯರಿಗೆ ಫಕ್ರುನ್ನೀಸಾ ಮೊದಲು ಕೋರಾ ಬಟ್ಟೆಯ ತುಂಡು ಕೊಟ್ಟು, ಮನಸ್ಸಿಗೆ ಬಂದದ್ದನ್ನು ಹಾಕಿ ಕೈ ಪಳಗಿಸಿಕೊಳ್ಳಿ ಎನ್ನುತ್ತಿದ್ದಳು. ಅವು ಆಮೇಲೆ ಹೊದಿಕೆಯೋ ಒರೆಸುವ ಬಟ್ಟೆಯೋ ಆಗುತ್ತಿದ್ದವು. ಇದು ಯಾರ ತುಂಡು ಎಂದು ಆ ಕ್ಷಣಕ್ಕೆ ನೆನಪಾಯಿತು. ಶಾಜಿಯಾಳ ಅಜ್ಜಿಯ ಊರು ತಿರುಮಣಿ ಕಡೆ. ಈಗ ಸೋಲಾರ್ ಫಲಕ ಹಾಸಿರುವ ಆ ಹೊಲಗಳಲ್ಲಿ ಶಾಜಿಯಾ ಚಿಕ್ಕಂದಿನಲ್ಲಿ ಕಡಲೆಕಾಯಿ ಕಿತ್ತವಳು. ಹೊಲಿಯುವಾಗ ಅದನ್ನೇ ಹೇಳಿಕೊಂಡು ಕೂತಿರುತ್ತಿದ್ದಳು. ಫಕ್ರುನ್ನೀಸಾ ಆ ಬಟ್ಟೆಯನ್ನು ವರ್ಷಗಟ್ಟಲೆ ಬೆಳಿಗ್ಗೆ ತೆಗೆದಿದ್ದಳು, ಸಂಜೆ ಹೊದಿಸಿದ್ದಳು. ನೋಡಿಯೇ ಇರಲಿಲ್ಲ ಎಂದು ಆಕೆ ಅಂದುಕೊಂಡಿದ್ದಳು.

"ಇದೂ ನಿಮ್ಮದೇನಾ ಆಂಟಿ?" ರಕ್ಷಾ ಕೇಳಿದಳು. ಕೇಳಿದ್ದರಲ್ಲಿ ಏನೂ ಕೊಂಕಿರಲಿಲ್ಲ.

"ಹೂಂ" ಎಂದಳು ಫಕ್ರುನ್ನೀಸಾ.

ಅಲ್ಲಿಯವರೆಗೆ ಆದದ್ದನ್ನು ಮರೆವು ಎನ್ನಬಹುದು. ಕಣ್ಣು ಕಂಡದ್ದನ್ನು ಕೈ ಎತ್ತಿಕೊಂಡಿತು, ತಲೆಗೆ ತಿಳಿಯಲಿಲ್ಲ. ಯಾವ ಕೆಲಸದವರಿಗೂ ಆಗಬಹುದಾದದ್ದು. ಈ ಹೂಂ ಅಂಥದ್ದಲ್ಲ. ಆಕೆಯೂ ಅದನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ. "ನಾನು ಕದ್ದಿದ್ದು ಆಗ" ಎಂದೇ ಆಮೇಲೆ ನನಗೆ ಹೇಳಿದಳು.

ಮರುದಿನ ಬೆಳಿಗ್ಗೆ ಹೊದಿಕೆಯನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಶಾಜಿಯಾಳ ಮನೆಗೆ ಹೋದಳು. ಶಾಜಿಯಾ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಟ್ಟೆಯನ್ನು ಬಿಡಿಸಿ ನೋಡಿ, ಮೊದಲು ನಕ್ಕಳು.

"ಎಂಥ ದರಿದ್ರ ಹೊಲಿಗೆ ಆಪಾ ನಂದು."

"ಇಲ್ಲಿ ಮೂರೇ ಎಲೆ ಯಾಕೆ?"

"ನೀವು ಕೊಟ್ಟ ತುಂಡೇ ಅಷ್ಟು. ಇನ್ನಷ್ಟು ಕೊಡಿ ಅಂದಿದ್ದಕ್ಕೆ, ಇರೋದರಲ್ಲಿ ಹಾಕು ಅಂದಿದ್ರಿ."

"ಮಾಫ್ ಮಾಡು ಬೇಟಿ. ನನಗೆ ಗೊತ್ತಿರಲಿಲ್ಲ."

ಶಾಜಿಯಾ ಬಟ್ಟೆಯನ್ನು ಮೊದಲಿನ ಮಡಿಕೆಗೇ ಮಡಿಚಿ ವಾಪಸ್ಸು ಕೊಟ್ಟಳು. "ಕಳ್ಳಿ ಅಂದಿದ್ದು ಶಾದಿ ಮಹಲಲ್ಲಿ. ಮಾಫಿ ಕೇಳೋದು ನನ್ನ ಅಡುಗೆಮನೇಲಾ? ಇಲ್ಲಿ ಇರೋದು ನಾನು, ನಮ್ಮಮ್ಮಿ. ನಮ್ಮಿಬ್ಬರಿಗೂ ಮೊದಲೇ ಗೊತ್ತಿತ್ತಲ್ಲ."

ಚಹಾ ಕುಡಿಯಿರಿ ಎನ್ನಲಿಲ್ಲ.

ಫಕ್ರುನ್ನೀಸಾ ಮನೆಗೆ ಬಂದು ರಕ್ಷಾಗೆ ಫೋನು ಮಾಡಿ, ಗಿಡ ತನ್ನದಲ್ಲ, ತನ್ನ ಬಳಿ ಕಲಿತ ಶಾಜಿಯಾದು, ನಿನ್ನೆ ಸುಳ್ಳು ಹೇಳಿದೆ ಎಂದಳು. ರಕ್ಷಾ ಫೋನನ್ನು ಅಜ್ಜಿಗೆ ಕೊಟ್ಟಳು. ಆಮೇಲೆ ಕೆಂಚಮ್ಮನ ದನಿ: "ಅವ್ಳದೇ ಆದ್ರೆ ಅವ್ಳ ಕೈಲೇ ಹಾಕಿಸ್ಕೊಂತೀವಿ ಬುಡು. ನಾಕೆಲೆ ಹಾಕಕ್ಕೆ ಹೇಳು." ಆರಿ ಹೊಲಿಗೆ ಸರಪಳಿ ಇದ್ದಂತೆ, ಕೊನೆಯ ಗಂಟು ಬಿಚ್ಚಿ ಎಳೆದರೆ ದಿನಗಟ್ಟಲೆ ಮಾಡಿದ್ದು ಸರ್ರನೆ ಬಿಚ್ಚಿಕೊಳ್ಳುತ್ತದೆ. ಆಕೆ ಗಂಟಿಗೆ ಕೈ ಹಾಕಿ, ಯೋಚಿಸಿ, ಬಿಟ್ಟಳು. ಅರ್ಧ ಹೊಲಿದದ್ದನ್ನು ಹಾಗೆಯೇ ಚೌಕಟ್ಟಿನಿಂದ ಇಳಿಸಿ, ಶಾಜಿಯಾಳ ಕೈಗೆ ಕೊಡಲೆಂದು ರಕ್ಷಾಗೆ ಬೇರೆ ರೇಷ್ಮೆ ತರಿಸಿದಳು.

ಮುಂದಿನ ಮದುವೆ ನಿಯಾಜ್ ಅಹಮದರ ಅಣ್ಣನ ಮನೆಯದು, ಅದೇ ಮಹಲಿನಲ್ಲಿ. ಅಲ್ಲೇ ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ಆಕೆ ಗಂಡನಿಗೆ ತಿಳಿಸಿದಳು. "ಮನೆ ಮದುವೇಲಿ ಬೇಡ. ಯಾರು ಕೇಳ್ತಿದ್ದಾರೆ ಈಗ?" ಎಂದರು ಅವರು. ಶಾಜಿಯಾಳನ್ನು ಕರೆದಿದ್ದರು, ಅವಳೂ ಬಂದಿದ್ದಳು. ಊಟದ ಸಾಲಿನಲ್ಲಿ ಫಕ್ರುನ್ನೀಸಾ ಎದ್ದು ನಿಂತು, ಕಡಲೆಕಾಯಿ ಗಿಡ ಶಾಜಿಯಾದು, ಕದ್ದವಳು ನಾನು ಎಂದಳು.

"ದೊಡ್ಡ ಮನಸ್ಸು ಆಪಾ ನಿಮ್ಮದು" ಎಂದಳು ಒಬ್ಬಳು. "ಶಿಷ್ಯೆಗೆ ಹೆಸರು ಬರಲಿ ಅಂತ ತಪ್ಪು ನೀವು ಹೊತ್ಕೋತೀರಾ? ಈ ಕಾಲದಲ್ಲಿ ಯಾರು ಹೀಗಿದ್ದಾರೆ?"

ಇನ್ನೊಬ್ಬಳು ಶಾಜಿಯಾಳ ಕಡೆ ತಿರುಗಿ, "ನೋಡಿ ಕಲಿ" ಎಂದಳು. ಶಾಜಿಯಾ ತಟ್ಟೆಯಿಂದ ತಲೆ ಎತ್ತಲಿಲ್ಲ.

ತನ್ನ ಬಾಳಿನಲ್ಲಿ ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ ಎಂದು ಫಕ್ರುನ್ನೀಸಾ ಹೇಳುತ್ತಾಳೆ. ತಪ್ಪು ಒಪ್ಪಿಕೊಳ್ಳಲು ಎದ್ದವಳಿಗೆ ಹೊಗಳಿಕೆ ಸಿಕ್ಕಿತ್ತು. ಸುಮ್ಮನೆ ಕೂತಿದ್ದರೆ ಆ ಹೊಗಳಿಕೆಯೂ ಗಿಡವೂ ಆಕೆಯದೇ ಆಗಿ ಉಳಿಯುತ್ತಿತ್ತು. ಆಕೆ ಚೀಲದಿಂದ ಹೊದಿಕೆಯನ್ನೂ ಅರ್ಧ ಹೊಲಿದ ರೇಷ್ಮೆಯನ್ನೂ ತೆಗೆದು, ನೀರಿನ ಲೋಟಗಳನ್ನು ಸರಿಸಿ, ಮೇಜಿನ ಮೇಲೆ ಪಕ್ಕಪಕ್ಕ ಹಾಸಿದಳು. ಬಟ್ಟೆ ಮುಗಿದ ಅಂಚನ್ನು ತೋರಿಸಿದಳು. ಮೂರೆಲೆ. ರೇಷ್ಮೆಯ ನಡುವಿನ ತೊಟ್ಟನ್ನು ತೋರಿಸಿದಳು. ಜಾಗವಿದ್ದೂ ಮೂರೆಲೆ.

ಈಗ ಯಾರೂ ಹೊಗಳಲಿಲ್ಲ. ಬಗ್ಗಿ ನೋಡಿದವರು ನೆಟ್ಟಗಾದರು. ಹಿಂದೆ ಸಿಪ್ಪೆಯ ಮಾತಾಡಿದ್ದ ಹೆಂಗಸೇ ಇರಬೇಕು, ಸಾಲಿನ ಕೊನೆಯಿಂದ ಕೇಳಿದಳು:

"ಹಂಗಾದ್ರೆ ನಮ್ಮ ಆರ್ಜೂ ಮದುವೆಗೆ ದಾಳಿಂಬೆ ಹಾಕಿದ್ರಲ್ಲ ಆಪಾ. ಅದು ಯಾರದು?"

ಫಕ್ರುನ್ನೀಸಾ ಆ ದಾಳಿಂಬೆಯನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ಒಡೆದ ಹಣ್ಣೇ, ಇಡಿಯದೇ ಎಂಬುದೂ ಹೊಳೆಯಲಿಲ್ಲ.

"ಖಾಕಾ ಇದ್ರೆ ನೋಡಬಹುದಿತ್ತು" ಎಂದಳು ಆ ಹೆಂಗಸು.

"ಹರಿದು ಆರ್ಜೂ ಕೈಗೇ ಕೊಟ್ಟೆ."

"ಅವಳು ಅದನ್ನ ಎಲ್ಲಿ ಇಟ್ಕೋತಾಳೆ ಆಪಾ."

ಶಾಜಿಯಾ ಎದ್ದು ಕೈ ತೊಳೆದು ಬಂದು, ಮೇಜಿನ ಮೇಲಿದ್ದ ತನ್ನ ಬಟ್ಟೆಯನ್ನು ಮಡಿಚಿ ತೆಗೆದುಕೊಂಡಳು. ರೇಷ್ಮೆಯನ್ನು ಅಲ್ಲೇ ಬಿಟ್ಟಳು.

"ಹೇಳಿ ಆಪಾ, ಯಾರದು?" ಎಂದು ಆ ಹೆಂಗಸು ಮತ್ತೆ ಕೇಳಿದಳು.

"ಗೊತ್ತಿಲ್ಲ" ಎಂದಳು ಫಕ್ರುನ್ನೀಸಾ.